ಎದುರುದಾರನ ಕಾಗದ

ಮಾರ್ಚ್ ಹದಿನಾಲ್ಕು, ಗುರುವಾರ. ಬೆಳಗ್ಗೆ ಹತ್ತೂ ಮುಕ್ಕಾಲು. ಸ್ಥಳ: ಕಲಬುರಗಿಯ ಕೋರ್ಟು, ಮೊದಲ ಮಹಡಿಯ ಪಡಸಾಲೆ. ಹಾಜರಿದ್ದವರು: ನಾನು, ನನ್ನ ಹೆಂಡತಿ, ನನ್ನ ವಕೀಲರು, ಕಮಲಾಪುರದ ಒಬ್ಬ ಗೂಡ್ಸ್ ಗಾಡಿಯ ಡ್ರೈವರ್.

ನಾನು ಮೂವತ್ತೊಂದು ವರ್ಷ ಕಂದಾಯ ಇಲಾಖೆಯಲ್ಲಿದ್ದವನು. ಮೊದಲು ತಲಾಠಿ, ಅಂದರೆ ಊರಿನ ಜಮೀನಿನ ಲೆಕ್ಕ ಇಡುವವನು, ಕೊನೆಯ ಹದಿನಾಲ್ಕು ವರ್ಷ ತಲಾಠಿಗಳ ಮೇಲಿನ ಗಿರ್ದಾವರ. ಸುಟ್ಟ ಬಣವೆ, ಮಳೆಗೆ ಬಿದ್ದ ಗೋಡೆ, ಒತ್ತುವರಿಯಾದ ಬದು, ಯಾವುದರ ಪಂಚನಾಮೆಯಾದರೂ ಮೊದಲು ದಿನಾಂಕ ಬರೆಯಬೇಕು, ಆಮೇಲೆ ವೇಳೆ, ಆಮೇಲೆ ಹಾಜರಿದ್ದವರು. ನಡೆದದ್ದು ಅದರ ನಂತರ. ಈ ಕ್ರಮ ತಪ್ಪಿದರೆ ನನಗೆ ಬರೆಯಲು ಬರುವುದಿಲ್ಲ. ಆದ್ದರಿಂದ ನಾಚಿಕೆಯ ಸಂಗತಿಯನ್ನೂ ಇದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಆ ಡ್ರೈವರನೇ ನನ್ನ ಕೇಸಿನ ಒಂದನೇ ಎದುರುದಾರ. ಅಂದರೆ, ನನ್ನ ಕಾಲು ಮುರಿಯಲು ಇವನೇ ಕಾರಣ ಎಂದು ನಾನು ಯಾರ ಮೇಲೆ ಪರಿಹಾರದ ಅರ್ಜಿ ಹಾಕಿದ್ದೆನೋ ಅವನು. ಅವನ ಗಾಡಿಯ ಇನ್ಶೂರೆನ್ಸ್ ಕಂಪನಿ ಎರಡನೇ ಎದುರುದಾರ. ಆ ದಿನ ಗಾಜಿಪುರದ ನಮ್ಮ ಮನೆಯಿಂದ ನಮ್ಮನ್ನು ಕೋರ್ಟಿಗೆ ಕರೆತಂದವನೂ ಅವನೇ, ಅದೇ ಗಾಡಿಯಲ್ಲಿ. ಗುರುವಾರ ಅವನು ಬಾಳೆಗೊನೆ ಹೇರಿಕೊಂಡು ಕಲಬುರಗಿಯ ಮಾರ್ಕೆಟ್ಟಿಗೆ ಬರುತ್ತಾನೆ. ಸರಕು ಇಳಿಸಿದ ಮೇಲೆ ಮನೆ ಮುಂದೆ ಹಾರ್ನ್ ಹೊಡೆದ. ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತೆವು.

"ಹೋದ ಸಲ ಹಿಂದ ಬಾಳೆಗೊನಿ ಸಂಗಾಟ ಮಲಗಿ ಬಂದಿದ್ರಿ ಸಾಹೇಬ್ರ," ಎಂದು ಗೇರ್ ಹಾಕುತ್ತ ನಕ್ಕ. "ಈ ಸಲ ಪ್ರಮೋಷನ್ ಆಗ್ಯದ ನೋಡ್ರಿ, ಸೀಟ್ ಸಿಕ್ಕದ."

ನನ್ನ ಹೆಂಡತಿ ನಗಲಿಲ್ಲ. ನಾನು ನಕ್ಕೆ.

ತನ್ನ ಮೇಲೆ ಪರಿಹಾರದ ಕೇಸು ಇದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡವನು ನಾನು.

ಅಪಘಾತವಾದದ್ದು ಅದಕ್ಕೆ ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ. ಕಮಲಾಪುರದಲ್ಲಿ ನನ್ನ ಜೊತೆ ಕೆಲಸ ಮಾಡಿದ ಒಬ್ಬರ ಮಗಳ ಮದುವೆ. ನಾಲ್ಕು ಗಂಟೆಯ ಬಸ್ಸಿಗೆ ವಾಪಸ್ ಬರುವುದೆಂದು ನಿಶ್ಚಯಿಸಿದ್ದೆ. ನಾಲ್ಕರ ಬಸ್ಸೆಂದರೆ ನಾನು ಮೂರೂ ನಲವತ್ತಕ್ಕೆ ನಿಲ್ದಾಣದಲ್ಲಿರುವವನು. ನೌಕರಿಯ ಉದ್ದಕ್ಕೂ ಹಾಗೇ ಇದ್ದೆ. ನನ್ನ ಕೈಕೆಳಗಿನ ತಲಾಠಿಗಳು ಐದು ನಿಮಿಷ ತಡವಾಗಿ ಬಂದರೆ ಎಲ್ಲರೆದುರು ಗಡಿಯಾರ ತೋರಿಸಿ ಮಾತಾಡಿಸುತ್ತಿದ್ದೆ. ಆ ದಿನ ಹೋಳಿಗೆ, ಸಾರು, ತುಪ್ಪ ಎಲ್ಲ ಗಟ್ಟಿಯಾಗಿಯೇ ಉಂಡು, ಕಲ್ಯಾಣ ಮಂಟಪದ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತವನು ನಿದ್ದೆ ಹೋದೆ. ಎಚ್ಚರವಾದಾಗ ನಾಲ್ಕಕ್ಕೆ ಎರಡು ನಿಮಿಷ. ರಸ್ತೆಗೆ ಬಂದು ನೋಡಿದರೆ ಬಸ್ಸು ಎದುರು ಬದಿಯಲ್ಲಿ ನಿಂತಿದೆ, ಕಂಡಕ್ಟರ್ ಆಗಲೇ ಸೀಟಿ ಊದುತ್ತಿದ್ದಾನೆ. ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ಅರವತ್ತೆಂಟನೆಯ ವಯಸ್ಸಿನಲ್ಲಿ, ಇಸ್ತ್ರಿ ಮಾಡಿದ ಧೋತರದ ಚುಂಗು ಕೈಯಲ್ಲಿ ಹಿಡಿದು, ಓಡಿದೆ.

ಗಾಡಿ ನಿಧಾನವಾಗಿಯೇ ಬರುತ್ತಿತ್ತು. ಹಿಂದೆ ಬಾಳೆಗೊನೆಗಳಿದ್ದವು, ಜೋರಾಗಿ ಓಡಿಸಿದರೆ ಕಾಯಿ ಉದುರುತ್ತವೆ. ಅವನು ಬ್ರೇಕ್ ಹಾಕಿದ ಶಬ್ದ ಕೇಳಿಸಿತು. ಮುಂದಿನ ಬಂಪರು ಎಡಗಾಲಿಗೆ ಬಡಿಯಿತು. ಮೊಣಕಾಲಿನ ಕೆಳಗಿನ ಎಲುಬು ಎರಡು ಕಡೆ ಮುರಿದಿತ್ತು ಎಂದು ಆಮೇಲೆ ತಿಳಿಯಿತು. ಅರ್ಧ ಗೊನೆಗಳನ್ನು ರಸ್ತೆಯ ಬದಿಗಿಳಿಸಿ, ಉಳಿದವುಗಳ ನಡುವೆ ಗೋಣಿಚೀಲ ಹಾಸಿ ನನ್ನನ್ನು ಮಲಗಿಸಿ, ಸೇಡಂ ರಸ್ತೆಯ ಆಸ್ಪತ್ರೆಗೆ ಮುಟ್ಟಿಸಿದ. ದಾರಿಯುದ್ದಕ್ಕೂ ಹಿಂದಕ್ಕೆ ತಿರುಗಿ ತಿರುಗಿ ಹೇಳುತ್ತಿದ್ದ: "ಫಿಕರ್ ಮಾಡಬ್ಯಾಡ್ರಿ ಸಾಹೇಬ್ರ, ಬಂತು, ಬಂತು. ನಂದೇ ಗಲತಿ ಆಯ್ತು, ಮಾಫ್ ಮಾಡ್ರಿ."

ನಲವತ್ತರ ಆಸುಪಾಸಿನ ಮನುಷ್ಯ. ಬಿದ್ದು ನರಳುವ ಹಿರಿಯನಿಗೆ 'ನೀವೇ ಅಡ್ಡ ಓಡಿ ಬಂದಿರಿ' ಎಂದು ಅವನ ಬಾಯಿಂದ ಬರುವಂತಿರಲಿಲ್ಲ. ನಮ್ಮ ಕಡೆ ಯಾರ ಬಾಯಿಂದಲೂ ಬರುವುದಿಲ್ಲ. ಗೌರವಕ್ಕೆ ಆಡಿದ ಮಾತು ಯಾವುದು, ಹೇಳಿಕೆ ಯಾವುದು ಎಂಬ ವ್ಯತ್ಯಾಸ ಇಡೀ ತಾಲೂಕಿನಲ್ಲಿ ನನಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ಆದರೂ ಅವನು ಗೌರವಕ್ಕೆ ಆಡಿದ್ದನ್ನು ನಾನು ಹೇಳಿಕೆ ಮಾಡಿಕೊಂಡೆ.

ಆಪರೇಷನ್ ಆದ ಮೂರನೆಯ ದಿನ ಪೊಲೀಸ್ ಠಾಣೆಯ ಹವಾಲ್ದಾರರು ಆಸ್ಪತ್ರೆಗೆ ಬಂದರು. ಅವರ ಅಕ್ಷರ ಸಾಲು ಬಿಟ್ಟು ಇಳಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಕೊಡ್ರಿ ಇಲ್ಲಿ, ನಾನೇ ಬರೀತೀನಿ," ಎಂದು ಕಾಗದ ಇಸಿದುಕೊಂಡೆ. ಕಾಲನ್ನು ದಿಂಬುಗಳ ಮೇಲೆ ಎತ್ತಿಟ್ಟಿದ್ದರು. ಎದೆಯ ಮೇಲೆ ರಟ್ಟು ಇಟ್ಟುಕೊಂಡು ಬರೆದೆ. "ನಾನು ರಸ್ತೆಯ ಬದಿಯಲ್ಲಿ ನಿಂತಿದ್ದಾಗ" ಎಂದು ಬರೆದೆ. "ಅತಿ ವೇಗ ಹಾಗೂ ನಿಷ್ಕಾಳಜಿತನದಿಂದ ಚಲಾಯಿಸಿಕೊಂಡು ಬಂದು" ಎಂದು ಬರೆದೆ. ಇಂಥ ಕಾಗದಗಳಲ್ಲಿ ಆ ಮಾತು ಇದ್ದೇ ಇರುತ್ತದೆ, ಕೈ ತಾನಾಗಿ ಬರೆಯಿತು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಉಂಡು ಮಲಗಿ ತಡಮಾಡಿಕೊಂಡು ಬಸ್ಸಿನ ಹಿಂದೆ ಓಡಿದೆ ಎಂದು ನನ್ನ ಕೈಯಿಂದ ಬರೆಯಲು ನನಗೆ ಮನಸ್ಸಾಗಲಿಲ್ಲ. ಪರಿಹಾರದ ಯೋಚನೆ ಆಗ ತಲೆಯಲ್ಲಿ ಇರಲೇ ಇಲ್ಲ.

ನಾನು ಬರೆಯುತ್ತಿದ್ದ ಹೊತ್ತಿಗೆ ಆ ಡ್ರೈವರನ ಹೆಂಡತಿ ವಾರ್ಡಿನ ಬಾಗಿಲಲ್ಲಿ ನನ್ನ ಹೆಂಡತಿಗೆ ಖಿಚಡಿ ಮತ್ತು ಹುಣಸೆಹುಳಿಯ ಖಟ್ಟಾದ ಡಬ್ಬಿ ಕೊಡುತ್ತಿದ್ದಳು. ಕಮಲಾಪುರದಿಂದ ಬಸ್ಸಿನಲ್ಲಿ ತರುತ್ತಿದ್ದಳು, ಒಂದು ವಾರ ತಂದಳು.

ಪೊಲೀಸ್ ಕೇಸಿನಲ್ಲಿ ಅವನು ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಒಪ್ಪಿಕೊಂಡರೆ ಒಂದೇ ದಿನಕ್ಕೆ ಮುಗಿಯುತ್ತದೆ ಎಂದು ಹೇಳಿಕೊಟ್ಟವನೂ ನಾನೇ.

ಕೋಲು ಹಿಡಿದು ನಡೆಯತೊಡಗಿದ ಮೇಲೆ ಖೂಬಾ ಪ್ಲಾಟಿನ ವಕೀಲರ ಬಳಿ ಹೋದೆ. ಅವರು ನನ್ನ ಹಳೆಯ ಸಹೋದ್ಯೋಗಿಯ ಮಗ, ನನ್ನನ್ನು ಕಾಕಾ ಎನ್ನುತ್ತಾರೆ. "ಕಂಪನಿ ಕೊಡ್ತದ ಕಾಕಾ, ಅವ್ನ ಕಿಸೆಯಿಂದ ಏನೂ ಹೋಗಂಗಿಲ್ಲ. ನಿಮ್ಮ ಹಕ್ಕು ಯಾಕ ಬಿಡ್ತೀರಿ?" ಎಂದರು. ಹಕ್ಕು ಎಂಬ ಮಾತು ನನಗೆ ಹಿಡಿಸಿತು. ನಡೆದದ್ದನ್ನು ಹೇಳಿ ಎಂದಾಗ ಆಸ್ಪತ್ರೆಯಲ್ಲಿ ಬರೆದದ್ದನ್ನೇ ಬಾಯಿಪಾಠ ಒಪ್ಪಿಸಿದೆ.

ಮುಂದಿನದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಆ ವರ್ಷ ದೀಪಾವಳಿಯಾದ ಮೇಲೆ ಒಂದು ಮಧ್ಯಾಹ್ನ ಅವನು ಮನೆಗೆ ಬಂದ. ಕೈಯಲ್ಲಿ ಒಂದು ಹಣಿಗೆ ಕೆಂಪು ಬಾಳೆಹಣ್ಣು, ಅಂಗಿಯ ಜೇಬಿನಲ್ಲಿ ಒಂದು ಲಕೋಟೆ. ಚಪ್ಪಲಿ ಹೊರಗೆ ಬಿಟ್ಟು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತ.

"ಪೋಸ್ಟಿನವ ಸಹಿ ತಗೊಂಡು ಕೊಟ್ಟುಹೋದ ಸಾಹೇಬ್ರ. ಕೋರ್ಟಿನ ಮೊಹರ ಅದ. ನಾ ಕಲ್ತಿದ್ದು ಉರ್ದು ಸಾಲ್ಯಾಗ. ನಮ್ಮ ಓಣ್ಯಾಗ ಕನ್ನಡ ಓದೋರು ಅದಾರ, ಖರೆ ಇಂಥ ಕಾಗದ ತಿಳಿಯೋರು ಇಲ್ಲ. ನಿಮಗಿಂತ ತಿಳದೋರು ನನಗ್ಯಾರು ಗೊತ್ತ? ಜರಾ ನೋಡಿ ಹೇಳ್ರಿ."

ಬಿಚ್ಚಿ ನೋಡಿದೆ. ಅದು ನನ್ನ ಕೇಸಿನ ಸಮನ್ಸು. ಮೇಲೆ ಅರ್ಜಿದಾರ ಎಂಬಲ್ಲಿ ನನ್ನ ಹೆಸರು, ಎದುರುದಾರ ಎಂಬಲ್ಲಿ ಅವನ ಹೆಸರು. ಇಂಥ ದಿನ ಹನ್ನೊಂದು ಗಂಟೆಗೆ ಖುದ್ದಾಗಿ ಅಥವಾ ವಕೀಲರ ಮೂಲಕ ಹಾಜರಾಗಬೇಕು, ತಪ್ಪಿದರೆ ನಿಮ್ಮ ಗೈರುಹಾಜರಿಯಲ್ಲಿ ತೀರ್ಮಾನಿಸಲಾಗುವುದು, ಎಂದಿತ್ತು.

ಹಳ್ಳಿಗಳಲ್ಲಿ ನೂರಾರು ಜನರ ಹೇಳಿಕೆ ಬರೆದುಕೊಂಡಿದ್ದೇನೆ. ಓದು ಬಾರದವರಿಗೆ ಪೂರಾ ಓದಿ ಹೇಳದೆ ಒಬ್ಬರ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡವನಲ್ಲ. ಊಟದ ಹೊತ್ತು ಮೀರಿದರೂ, ದೀಪ ಹಚ್ಚುವ ವೇಳೆಯಾದರೂ, ಓದಿ ಹೇಳಿಯೇ ಎದ್ದಿದ್ದೇನೆ. ಆ ಮಧ್ಯಾಹ್ನ ಕಾಗದವನ್ನು ಮೂರು ಮಡಿಕೆ ಮಾಡಿದೆ.

"ಇದು ಇನ್ಶೂರೆನ್ಸ್ ಕಂಪನಿ ಕೆಲಸ," ಎಂದೆ. "ನನಗ ಅವರು ಏನರ ಕೊಡೋದಿದ್ರ ನಿನ್ನ ಹೆಸರಿಗೂ ಒಂದು ಕಾಗದ ಬರ್ತದ, ಅಷ್ಟ. ನೀ ಹೋಗೋ ಕಾರಣ ಇಲ್ಲ."

"ಅಂದ್ರ ನಿಮಗ ಸಿಗ್ತದಲ್ರೀ?"

"ಸಿಗಬಹುದು."

"ಸಿಗ್ಲಿ, ಸಿಗ್ಲಿ. ಭಾಳ ತ್ರಾಸ ಪಟ್ಟೀರಿ." ಅವನ ಮುಖ ನಿಜವಾಗಿಯೂ ಹಗುರಾಯಿತು. "ಇದು ನನ್ನ ಕಡೆ ಇಟ್ಕೊಳ್ಳೇನು?"

"ಇಲ್ಲೇ ಇರ್ಲಿ. ನನ್ನ ಫೈಲಿನಾಗ ಇಡ್ತೀನಿ."

ಚಹಾ ತಂದಿದ್ದ ನನ್ನ ಹೆಂಡತಿ ಕಪ್ಪು ಕೊಟ್ಟು ಒಳಗೆ ಹೋದಳು.

ನಾನು ಯಾಕೆ ಹಾಗೆ ಮಾಡಿದೆ? ಅವನು ಕೋರ್ಟಿಗೆ ಹೋದರೆ ಒಬ್ಬ ವಕೀಲನನ್ನಿಡುತ್ತಾನೆ. ವಕೀಲ 'ಏನು ನಡೆಯಿತು?' ಎಂದು ಕೇಳುತ್ತಾನೆ. ಕೋರ್ಟಿನಲ್ಲಿ ಗೌರವದ ಮಾತು ನಡೆಯುವುದಿಲ್ಲ, ನಾನು ಓಡಿದ್ದನ್ನು ಅವನು ಹೇಳಿಬಿಡುತ್ತಾನೆ. ಇದಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಬರೆಯುತ್ತಿದ್ದೆ.

ಅವನು ಹಾಜರಾಗಲಿಲ್ಲ. ಅವನನ್ನು ಬಿಟ್ಟು ಕೇಸು ಮುಂದುವರಿಯಿತು. ನನ್ನ ಸಾಕ್ಷಿಗೆ ಎಂಟು ತಿಂಗಳ ಮೊದಲು ಕಂಪನಿಯವರು ತಮ್ಮ ತಕರಾರು ಸಲ್ಲಿಸಿದರು. ಅಪಘಾತದ ದಿನಕ್ಕೆ ಡ್ರೈವರನ ಲೈಸನ್ಸಿನ ಅವಧಿ ಮುಗಿದಿತ್ತು, ಆಮೇಲೆ ನವೀಕರಿಸಿದ್ದಾನೆ, ಆದ್ದರಿಂದ ಹೊಣೆ ತಮ್ಮದಲ್ಲ, ಎಂದು. ನಾನು ವಕೀಲರನ್ನು ಕೇಳಿದೆ.

"ನಿಮಗ ಚಿಂತಿ ಇಲ್ಲ ಕಾಕಾ," ಎಂದರು ಅವರು. "ಭಾಳ ಅಂದ್ರ ಕಂಪನಿ ಮೊದಲ ನಿಮಗ ಕೊಡ್ತದ, ಆಮ್ಯಾಲೆ ಅವ್ನ ಕಡಿಂದ ವಸೂಲ ಮಾಡ್ಕೋತದ. ಗಾಡಿ ಅವ್ನ ಹೆಸರಿಗೇ ಅದ. ಅದು ಅವ್ರವ್ರ ಜಗಳ. ಅವನರ ಕೋರ್ಟಿಗೆ ಬರ್ಲೇ ಇಲ್ಲಲ್ಲ!"

ಆ ಗಾಡಿಯ ಮೇಲೆಯೇ ಅವನ ಮನೆ ನಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಮನೆಗೆ ಬಂದು ಆ ಪ್ರತಿಗೂ ಪುಟದ ನಂಬರು ಹಾಕಿ ಫೈಲಿನಲ್ಲಿ ಸೇರಿಸಿದೆ. ಆಮೇಲೂ ಅವನು ತಿಂಗಳಿಗೊಮ್ಮೆ ಬಂದು ಕಾಲು ಹೇಗಿದೆ ಎಂದು ಕೇಳಿ ಹೋಗುತ್ತಿದ್ದ. ಕಂಪನಿಯ ಕೆಲಸಕ್ಕೆ ಗುರುವಾರ ಕೋರ್ಟಿಗೆ ಹೋಗುವುದಿದೆ ಎಂದು ಬಾಯಿ ತಪ್ಪಿ ಅಂದಾಗ, ತಾನೇ ಗಾಡಿಯಲ್ಲಿ ಬಿಡುತ್ತೇನೆ ಎಂದು ಹಟ ಹಿಡಿದ, ಬೇಡವೆನ್ನಲು ನನಗೆ ನೆಪ ಸಿಗಲಿಲ್ಲ.

ಇನ್ನು ಮಾರ್ಚ್ ಹದಿನಾಲ್ಕಕ್ಕೆ ಬರುತ್ತೇನೆ.

ಪಡಸಾಲೆಯಲ್ಲಿ ವಕೀಲರು ನನಗೆ ಕೊನೆಯ ಪಾಠ ಹೇಳಿದರು. "ಕಂಪನಿ ವಕೀಲ ಎಲ್ಲಾದ್ರ ಹಿಂದ 'ಎಂದರೆ ಸರಿಯೇ' ಅಂತ ಕೇಳ್ತಾನ. ನೀವು 'ಸರಿಯಲ್ಲ' ಅನ್ರಿ. ಕಥಿ ಹೇಳಾಕ ಹೋಗಬ್ಯಾಡ್ರಿ."

ಹನ್ನೊಂದೂ ಇಪ್ಪತ್ತಕ್ಕೆ ಕೋರ್ಟಿನ ಜವಾನ ಬಾಗಿಲಿಗೆ ಬಂದು ನಮ್ಮ ಕೇಸಿನ ನಂಬರು ಕೂಗಿದ. ನನ್ನ ಹೆಸರು ಕೂಗಿದ. ಆಮೇಲೆ ಡ್ರೈವರನ ಹೆಸರು ಕೂಗಿದ, ತಂದೆಯ ಹೆಸರು ಸಹಿತ.

ಡ್ರೈವರ್ ಕಂಬಕ್ಕೆ ಒರಗಿ ಕೂತಿದ್ದವನು ಥಟ್ಟನೆ ಎದ್ದ. "ಹಾಜರಿದ್ದೀನ್ರೀ!"

ಜವಾನ ಅವನನ್ನು ಮೇಲಿಂದ ಕೆಳಗೆ ನೋಡಿದ. "ಅಬ್ಬಾ! ಹುಟ್ಟಿದ ನೋಡಪಾ. ವರ್ಷದ ಮ್ಯಾಲಾಯ್ತು, ನಿನ್ನ ಹೆಸರು ಕೂಗಿ ಕೂಗಿ ನನ್ನ ಗಂಟಲ ಹರದದ. ಎಲ್ಲಿ ಹೋಗಿದ್ಯೋ ಮಾರಾಯ? ನಿನ್ನ ಬಿಟ್ಟು ಕೇಸ್ ಅರ್ಧಾ ಮುಗದದ. ಈಗ ಹಾಜರಂತ, ಹಾಜರ!"

ಸುತ್ತಲಿದ್ದವರು ನಕ್ಕರು. ಡ್ರೈವರ್ ನನ್ನ ಮುಖ ನೋಡಿದ. ನಾನು ಕೋಲು ಊರಿಕೊಂಡು ಒಳಗೆ ಹೋದೆ.

ಬೆಳಗ್ಗೆ ಪ್ರಮಾಣಪತ್ರ, ಆಸ್ಪತ್ರೆಯ ಕಾಗದಗಳಿಗೆ ಗುರುತು ಹಾಕುವುದಷ್ಟೇ ಆಯಿತು. ಕಂಪನಿಯ ವಕೀಲರ ಪಾಟೀಸವಾಲು ಮಧ್ಯಾಹ್ನ ಮೂರಕ್ಕೆ ಎಂದರು. ನನ್ನ ವಕೀಲರು ಬೇರೆ ಕೋರ್ಟಿಗೆ ಹೋದರು. ನಾವು ಮೂವರೂ ಕೆಳಗಿಳಿದು ಗಾಡಿಯ ಬಳಿ ಬಂದೆವು. ಅವನು ಹಿಂದಿನ ಬಾಗಿಲು ಇಳಿಸಿ, ಮೇಲೆ ಬಿದ್ದಿದ್ದ ಬಾಳೆಯ ಸೋಗೆ ಗುಡಿಸಿ, ಟವೆಲ್ ಹಾಸಿದ. ನನ್ನ ಹೆಂಡತಿ ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ ಬಿಚ್ಚಿ ಮೊದಲು ಅವನ ಕೈಗೇ ಕೊಟ್ಟಳು.

ಒಂದು ತುತ್ತು ಮುರಿದು ಅವನು ಕೇಳಿದ: "ಸಾಹೇಬ್ರ, ನನ್ನ ಹೆಸರು ಯಾಕ ಕರದ್ರು?"

"ಅದು ಕೋರ್ಟಿನ ರಿವಾಜು," ಎಂದೆ.

"ವರ್ಷದಿಂದ ಕರ್ಯಾಕತ್ತೀನಿ ಅಂದನಲ್ರೀ?"

"ಅವ್ರು ಹಾಂಗ ಅಂತಾರ."

ನನ್ನ ಹೆಂಡತಿ ಡಬ್ಬಿಯ ಮುಚ್ಚಳ ಹಾಕಿದಳು. "ಸಾಕು," ಎಂದಳು ನನಗೆ. "ಆ ಫೈಲ್ ತಗೀರಿ. ಓದಿ ಹೇಳ್ರಿ ಅವನಿಗೆ."

"ಯಾವ ಫೈಲು?"

"ಯಾವ ಫೈಲಂತ ಕೇಳ್ತೀರಾ? ಅವತ್ತ ಚಹಾ ಕೊಡಾಕ ಬಂದಾಗ ನೀವು ಹೇಳಿದ್ದು ನನ್ನ ಕಿವಿಗೆ ಬಿದ್ದದ. ಆಮ್ಯಾಲೆ ಕಪಾಟ ಒರಸೋ ಮುಂದ ಆ ಕಾಗದಾನೂ ಓದೀನಿ. ಇಂದ ಹೇಳ್ತೀರಿ, ನಾಳಿ ಹೇಳ್ತೀರಿ ಅಂತ ನೋಡಿದೆ. ಈಗ ಅವನ ಗಾಡ್ಯಾಗೇ ಕುಂತು, ಅವನ ಮ್ಯಾಲೇ ಸಾಕ್ಷಿ ಹೇಳಾಕ ಬಂದೀರಿ." ಆಮೇಲೆ ಅವನ ಕಡೆ ತಿರುಗಿದಳು. "ತಮ್ಮಾ, ನಾನೂ ಸುಮ್ಮನ ಕುಂತೆ. ನಂದೂ ತಪ್ಪದ."

ಅವನಿಗೆ ಏನೂ ತಿಳಿಯಲಿಲ್ಲ. "ಅವ್ವಾರ, ಏನಾಯ್ತ್ರೀ?" ಎಂದ.

ನಾನು ಫೈಲು ಬಿಚ್ಚಿದೆ. ಸಮನ್ಸನ್ನು ಮೇಲಿನ ಮೊಹರಿನಿಂದ ಕೆಳಗಿನ ಸಹಿಯವರೆಗೆ ಓದಿದೆ. ಆಮೇಲೆ ಅರ್ಜಿಯನ್ನು ಓದಿದೆ. ಅತಿ ವೇಗ, ನಿಷ್ಕಾಳಜಿತನ ಎಂಬಲ್ಲಿ ನನ್ನ ದನಿ ಇಳಿಯಿತು, ಹೆಂಡತಿ "ಜೋರಾಗಿ" ಎಂದಳು. ಆಮೇಲೆ ಕಂಪನಿಯ ತಕರಾರು. ತಿಳಿಯದ ಪದಗಳನ್ನು ನನಗೆ ಬರುವಷ್ಟು ಉರ್ದುವಿನಲ್ಲಿ ಬಿಡಿಸಿ ಹೇಳಿದೆ. ಓದುವುದಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ಅವನು ಮುರಿದ ರೊಟ್ಟಿಯ ತುಂಡು ಕೈಯಲ್ಲೇ ಹಿಡಿದಿದ್ದ.

"ಅಂದ್ರ ಗಾಡಿ ಒಯ್ತಾರೇನ್ರಿ?"

"ಕೋರ್ಟು ಕಂಪನಿ ಮಾತು ಒಪ್ಪಿದ್ರ, ನೀ ಕಟ್ಟದಿದ್ರ, ಒಯ್ಯಬಹುದು."

"ಲೈಸನ್ಸಿನ ಮಾತು ನಿಮಗ ಯಾವಾಗ ಗೊತ್ತಾಯ್ತು?"

"ಎಂಟು ತಿಂಗಳಾಯ್ತು."

"ನಾ ಹಾಜರಾಗಬೇಕು ಅಂಬೋದು?"

"ನೀ ಕಾಗದ ತಂದ ದಿನಾನೇ."

ಅವನು ರೊಟ್ಟಿಯ ತುಂಡನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟ, ಕೈ ಒರೆಸಿಕೊಂಡ. ಬಯ್ಯುತ್ತಾನೆ ಎಂದುಕೊಂಡೆ. ಬಯ್ದಿದ್ದರೆ ನನಗೆ ಸಲೀಸಾಗುತ್ತಿತ್ತು.

"ನೀವು ಓಡಿ ಬಂದ್ರಿ," ಎಂದ ಮೆಲ್ಲಗೆ. ಎರಡು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. "ಹಿರಿಯರು ಅದಾರ, ಕಾಲು ಮುರದದ, ಈಗ್ಯಾಕ ಅದರ ಮಾತು ಅಂತ ನಾ ಬಾಯಿ ಮುಚ್ಚಿದೆ. ನನ್ನ ಹೇಂತಿ ಅವತ್ತೇ ಅಂದಿದ್ಲು, ತಪ್ಪು ನಿಂದಲ್ಲ, ನಂದು ನಂದು ಅಂತ ಯಾಕ ಒದರ್ತೀ ಅಂತ. ಹುಚ್ಚಿ, ಸಾಹೇಬ್ರು ನಮ್ಮ ಕೈ ಬಿಡಂಗಿಲ್ಲ ಅಂತ ನಾನೇ ಅಕಿಗೆ ಬೈದೆ."

ಆಮೇಲೆ ನಕ್ಕ. "ಯಾರ ಮ್ಯಾಲೆ ಕೇಸ್ ಅದನೋ ಅವ, ಯಾರು ಕೇಸ್ ಹಾಕ್ಯಾರೋ ಅವ್ರ ಮನಿಗೇ ಹೋಗಿ ಕಾಗದ ಓದ್ಸಿಕೊಂಡು ಬಂದಾನ. ಬಾಳೆಹಣ್ಣು ಬ್ಯಾರೆ ಒಯ್ದಾನ. ಕಮಲಾಪುರದಾಗ ಇದನ್ನ ಹೇಳಿದ್ರ ಬಾರಾ ಮಹಿನಾ ನಗ್ತಾರ್ರೀ ಸಾಹೇಬ್ರ."

ಮಧ್ಯಾಹ್ನ ಮೂರಕ್ಕೆ ಒಳಗೆ ಬಾ ಎಂದಷ್ಟೇ ಹೇಳಿದೆ. "ಬರ್ತೀನಿ," ಎಂದ. "ಈಗರ ಬರಬೇಕಲ್ಲ." ಅವನು ಗಾಡಿಯ ಮುಂದಿನ ಸೀಟಿಗೆ ಹೋಗಿ ಕೂತು ಬಾಗಿಲು ಹಾಕಿಕೊಂಡ. ನಾವಿಬ್ಬರು ಕೋರ್ಟಿನ ಮೆಟ್ಟಿಲ ಮೇಲೆ ಕೂತೆವು.

ಮೂರೂ ಹತ್ತಕ್ಕೆ ಕಟಕಟೆ ಹತ್ತಿದೆ. ಕೋರ್ಟಿನಲ್ಲಿ ಹತ್ತು ಹನ್ನೆರಡು ಜನ ಇದ್ದರು, ಹೆಚ್ಚಿನವರು ವಕೀಲರು. ಡ್ರೈವರ್ ಹಿಂದಿನ ಗೋಡೆಗೆ ನಿಂತಿದ್ದ. ಕಂಪನಿಯ ವಕೀಲರು ಕಾಗದ ನೋಡುತ್ತ, ನನ್ನ ಮುಖ ನೋಡದೆ, ಒಂದರ ಹಿಂದೊಂದು ಕೇಳಿದರು. ವಯಸ್ಸು, ಪೆನ್ಷನ್, ಆಸ್ಪತ್ರೆಯಲ್ಲಿದ್ದ ದಿನಗಳು. ಆಮೇಲೆ ಅದೇ ದನಿಯಲ್ಲಿ:

"ನೀವು ಬಸ್ಸು ಹಿಡಿಯುವ ಅವಸರದಲ್ಲಿ ರಸ್ತೆಗೆ ಅಡ್ಡ ಓಡಿದ್ದರಿಂದಲೇ ಈ ಅಪಘಾತವಾಯಿತು ಎಂದರೆ ಸರಿಯೇ?"

"ಸರಿ," ಎಂದೆ.

ಅವರು ಆಗಲೇ ಮುಂದಿನ ಪ್ರಶ್ನೆಗೆ ಬಾಯಿ ತೆರೆದಿದ್ದರು. ಅಲ್ಲಿಗೇ ತಡೆದು ತಲೆ ಎತ್ತಿದರು. ಟೈಪು ಮಾಡುತ್ತಿದ್ದವರೂ ಕೈ ನಿಲ್ಲಿಸಿದರು. ನನ್ನ ವಕೀಲರು ಕುರ್ಚಿಯಿಂದ ಅರ್ಧ ಎದ್ದರು.

"ಪ್ರಶ್ನೆ ಅರ್ಥ ಆಯ್ತೇನ್ರೀ ಯಜಮಾನರೇ?" ಎಂದು ನ್ಯಾಯಾಧೀಶರು ಕೇಳಿದರು.

"ಆಯ್ತು ಸ್ವಾಮಿ. ನಾನು ನೋಡದೆ ಓಡಿದೆ. ಗಾಡಿ ನಿಧಾನವಾಗಿ ಬರುತ್ತಿತ್ತು."

"ಹಾಗಾದರೆ ದೂರಿನಲ್ಲಿ ಬರೆದದ್ದು?"

"ನಾನೇ ಬರೆದದ್ದು. ಸುಳ್ಳು."

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹಿಂದಿನ ಗೋಡೆಗೆ ನಿಂತವನ ಕೆಲಸ ಅಷ್ಟರಿಂದ ಮುಗಿಯುತ್ತಿರಲಿಲ್ಲ. "ಇನ್ನೊಂದು ಹೇಳುವುದಿದೆ," ಎಂದೆ. ಕೇಳಿದ್ದಕ್ಕಷ್ಟೇ ಉತ್ತರಿಸಬೇಕು ಎಂದು ನನಗೆ ಗೊತ್ತು. "ಒಂದನೇ ಎದುರುದಾರನಿಗೆ ಕನ್ನಡ ಓದಲು ಬರುವುದಿಲ್ಲ. ಸಮನ್ಸು ಬಂದಾಗ ನನ್ನ ಹತ್ತಿರ ಓದಿಸಲು ತಂದಿದ್ದ. ಹೋಗುವುದು ಬೇಡ ಎಂದು ಹೇಳಿ ಕಾಗದ ನಾನೇ ಇಟ್ಟುಕೊಂಡೆ."

ಬೆಂಚಿನ ಕಡೆಯಿಂದ ಒಬ್ಬ ತರುಣ ವಕೀಲ ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು: "ಅರ್ಜಿದಾರನೇ ಎದುರುದಾರನ ಸಮನ್ಸ್ ಓದ್ಯಾನಂತ!" ನಗೆ ಎದ್ದಿತು. ನ್ಯಾಯಾಧೀಶರು ಪೆನ್ನಿನಿಂದ ಮೇಜು ಬಡಿದರು. ಅವರು ನಗಲಿಲ್ಲ. ನನ್ನನ್ನು ಒಂದು ಸಲ ನೋಡಿದರು, ಆ ನೋಟ ನಾನು ತಡವಾಗಿ ಬಂದ ತಲಾಠಿಗಳನ್ನು ನೋಡುತ್ತಿದ್ದಂಥದೇ. ಆಮೇಲೆ ಡ್ರೈವರನನ್ನು ಮುಂದೆ ಕರೆದು, ವಕೀಲರನ್ನಿಟ್ಟು ತನ್ನ ಮಾತನ್ನೂ ಕೇಳಬೇಕೆಂದು ಅರ್ಜಿ ಹಾಕಿಕೊಳ್ಳಲು ಹೇಳಿ, ಮುಂದಿನ ತಾರೀಖು ಕೊಟ್ಟರು. ನನ್ನ ಹೇಳಿಕೆಯನ್ನು ಓದಿ ನೋಡಿ ಸಹಿ ಹಾಕಿ ಇಳಿದೆ.

ಪಡಸಾಲೆಯಲ್ಲಿ ನನ್ನ ವಕೀಲರು ಕರಿ ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಂಡರು. "ಕಾಕಾ, ಇದನ್ನ ನನಗ ಮುಂಜಾನಿ ಹೇಳಬೇಕಿತ್ತಲ್ಲ. ಅಲ್ಲ, ಎರಡು ವರ್ಷದ ಹಿಂದೇ ಹೇಳಬೇಕಿತ್ತು. ಆ ಕಾಗದಕ್ಕ ನಾನೂ ಸಹಿ ಮಾಡೀನಿ."

"ನಿನಗೂ ಸುಳ್ಳು ಹೇಳಿದ್ದೆ," ಎಂದೆ.

"ಇನ್ನ ಕೇಸಿನಾಗ ಹೆಚ್ಚೇನೂ ಉಳೀಲಿಲ್ಲ."

"ಉಳೀಬಾರದು. ವಾಪಸ್ ತಗೊಳ್ಳೋದಕ್ಕ ಏನು ಬರಕೊಡಬೇಕು ಹೇಳು."

"ಇವತ್ತ ಬ್ಯಾಡ. ನಾಳಿ ಆಫೀಸಿಗೆ ಬರ್ರಿ." ಅವರು ನಾಲ್ಕು ಹೆಜ್ಜೆ ಹೋಗಿ ತಿರುಗಿದರು. "ಮತ್ತ ಅವನಿಗೆ ವಕೀಲನ್ನ ಹುಡುಕಾಕ ನೀವು ಹೋಗಬ್ಯಾಡ್ರಿ ಕಾಕಾ. ನೀವು ಮುಟ್ಟಿದ್ದೆಲ್ಲ ಇನ್ನ ಅವನಿಗೆ ತೊಡಕೇ."

ಅದನ್ನು ನಾನು ಮಾಡಬೇಕೆಂದು ಆಗಲೇ ಯೋಚಿಸಿದ್ದೆ. ಬಿಟ್ಟೆ.

ನನ್ನಿಂದ ಆಗುವ ಕೆಲಸ ಒಂದೇ ಉಳಿದಿತ್ತು. ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ಫೈಲಿನ ಎಲ್ಲ ಕಾಗದಗಳ ಪ್ರತಿ ಮಾಡಿಸಿದೆ. ಒಟ್ಟು ಐವತ್ತೆರಡು ಪುಟ. ಅಂಗಡಿಯ ಕಟ್ಟೆಯ ಮೇಲೆ ಕೂತು ಪುಟದ ನಂಬರುಗಳನ್ನು ತಾಳೆ ನೋಡಿದೆ, ಅವನ ಕಟ್ಟಿಗೊಂದು ನನ್ನ ಫೈಲಿಗೊಂದು ಪಟ್ಟಿ ಬರೆದೆ, ಯಾವ ಕಾಗದ ಎಷ್ಟನೇ ಪುಟದಿಂದ ಎಷ್ಟನೇ ಪುಟದವರೆಗೆ ಎಂದು. ಅವನ ಹೆಸರಿಗೆ ಬಂದಿದ್ದ ಸಮನ್ಸಿನ ಮೂಲ ಪ್ರತಿಯನ್ನೇ ಅವನ ಕಟ್ಟಿಗೆ ಸೇರಿಸಿ, ಜೆರಾಕ್ಸನ್ನು ನನ್ನದರಲ್ಲಿ ಇಟ್ಟುಕೊಂಡೆ. ಐದು ಗಂಟೆಗೆ ಗಾಡಿಯ ಬಳಿ ಹೋದೆ. ನನ್ನ ಹೆಂಡತಿ ಆಗಲೇ ಅಲ್ಲಿ ನಿಂತು ಅವನ ಜೊತೆ ಏನೋ ಮಾತಾಡುತ್ತಿದ್ದಳು. ನನ್ನನ್ನು ನೋಡಿ ಪಕ್ಕಕ್ಕೆ ಸರಿದಳು.

ಕಟ್ಟು ಕೊಟ್ಟೆ. ನನ್ನ ಫೈಲಿನ ಪಟ್ಟಿಯ ಕೆಳಗೆ 'ಮೇಲಿನ ಕಾಗದಗಳು ಮುಟ್ಟಿವೆ' ಎಂದು ಬರೆದು ಪೆನ್ನು ಮುಂದೆ ಹಿಡಿದೆ. ಯಾವ ಕಾಗದ ಕೊಟ್ಟರೂ ಮುಟ್ಟಿದ್ದಕ್ಕೆ ಸಹಿ ತೆಗೆದುಕೊಳ್ಳುವುದು ನನ್ನ ರೂಢಿ. ಆ ದಿನವೂ ಕೈ ಅದನ್ನೇ ಮಾಡಿತು.

ಅವನು ಪೆನ್ನು ನೋಡಿದ, ಮುಟ್ಟಲಿಲ್ಲ.

"ಇಲ್ರಿ ಸಾಹೇಬ್ರ. ಇದರಾಗ ಏನದ ಅಂತ ಬ್ಯಾರೆಯವರ ಕಡಿಂದ ಓದ್ಸಿ ಕೇಳ್ತೀನಿ. ಆಮ್ಯಾಲೆ ಸಹಿ ಮಾಡೋದಿದ್ರ ಮಾಡ್ತೀನಿ."

"ಖರೆ ಅದ," ಎಂದೆ. ಕ್ಷಮಿಸು ಎನ್ನುವುದನ್ನು ಅಷ್ಟು ಹೊತ್ತಿನಲ್ಲಿ ಒಂದು ಸಲವೂ ಹೇಳಿರಲಿಲ್ಲ ಎಂದು ನೆನಪಾಯಿತು. ಹೇಳಿದೆ. ಅವನು ಕಾಗದದ ಕಟ್ಟನ್ನು ಸೀಟಿನ ಕೆಳಗೆ ಇಡುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ, ಎರಡನೆಯ ಸಲ ಹೇಳುವ ಧೈರ್ಯ ಬರಲಿಲ್ಲ.

"ಅವ್ವಾರ, ರಿಕ್ಷಾ ಮಾಡ್ಕೊಂಡು ಹೋಗ್ರಿ," ಎಂದ ನನ್ನ ಹೆಂಡತಿಗೆ. "ನಾ ಸೀದಾ ಊರಿಗೆ ಹೋಗ್ತೀನಿ." ಗಾಡಿ ಹಿಂದಕ್ಕೆ ತೆಗೆಯುವಾಗ ಹಾರ್ನ್ ಹೊಡೆದು, ನನ್ನ ಕಾಲಿನಿಂದ ದೂರ ಇಟ್ಟು, ಗೇಟು ದಾಟಿಸಿಕೊಂಡು ಹೋದ.

ರಿಕ್ಷಾದಲ್ಲಿ ಗಾಜಿಪುರಕ್ಕೆ ಬಂದೆವು. ಮನೆಗೆ ಮುಟ್ಟಿದಾಗ ಆರು ಗಂಟೆ. ಕೈಕಾಲು ತೊಳೆದು ಮೇಜಿಗೆ ಕೂತೆ. ಕೇಸನ್ನು ಹಿಂತೆಗೆದುಕೊಳ್ಳುವ ಕಾಗದವನ್ನು ನಾಳೆ ವಕೀಲರಿಗೆ ಕೊಡಲು ಒಂದು ಪುಟದಲ್ಲಿ ಬರೆದೆ. ಈ ಸಲ ಮದುವೆಯ ಊಟ, ನಿದ್ದೆ, ನಾಲ್ಕಕ್ಕೆ ಎರಡು ನಿಮಿಷ, ಓಡಿದ್ದು, ಎಲ್ಲವನ್ನೂ ಬರೆದೆ. ಹೆಂಡತಿಯನ್ನು ಕರೆದು ಓದಿ ಹೇಳಿದೆ. ಅವಳು ಒಂದು ಕಡೆ ತಡೆದು, "ಸಮನ್ಸ್ ಇಟ್ಕೊಂಡಿದ್ದು ಹಾಕ್ರಿ," ಎಂದಳು. ಅದನ್ನೂ ಸೇರಿಸಿದೆ. ಫೈಲಿನೊಳಗಿನ ಪಟ್ಟಿಯಲ್ಲಿ ಸಹಿಯ ಜಾಗ ಖಾಲಿ ಇತ್ತು. ಅದರ ಪಕ್ಕದಲ್ಲಿ 'ಕೊಡಲಾಗಿದೆ, ಸಹಿ ಮಾಡಿಲ್ಲ' ಎಂದು ಬರೆದು, ವೇಳೆ ಹಾಕಿ, ಫೈಲಿನ ದಾರ ಕಟ್ಟಿದೆ.